ಸಾವೇರಿಯಲ್ಲಿ ಒಂದು ಬಿಕ್ಕು

ನಮ್ಮ ಮೈಸೂರಿನ ಸಂಗೀತ ಸಭೆಗಳಲ್ಲಿ ಈಗ ತಲೆದೂಗುವುದಕ್ಕೂ ಅಪ್ಪಣೆ ಬೇಕು. ವೇದಿಕೆಯ ಮೇಲ್ಗಡೆ ಒಂದು ದೀಪ ತೂಗುಬಿಟ್ಟಿರುತ್ತಾರೆ. ಅದು ಹಸಿರಾಗಿದ್ದರೆ ಹಾಡುತ್ತಿರುವುದು ಮನುಷ್ಯರ ಗಂಟಲು, ಕೆಂಪಾಗಿದ್ದರೆ ಯಂತ್ರ. ಜನ ಬಂದು ಕೂತು, ಶಾಲು ಸರಿಮಾಡಿಕೊಂಡು ದೀಪ ನೋಡುತ್ತಾರೆ. ಹಸಿರು ಕಂಡ ಮೇಲೆ ತೊಡೆಯ ಮೇಲೆ ತಾಳ ಶುರುವಾಗುತ್ತದೆ. ಆ ದೀಪ ಹೊತ್ತಿಸುವ ಕೆಲಸ ನನ್ನದು. ಕಂಠ ಪ್ರಮಾಣ ಕೇಂದ್ರದ ಹಿರಿಯ ಶಬ್ದತಜ್ಞೆ ಕಾತ್ಯಾಯಿನಿ ಎಂದು ನನ್ನ ಮೇಜಿನ ಮೇಲಿನ ಫಲಕ ಹೇಳುತ್ತದೆ. ಮನೆಯಲ್ಲಿ ನನ್ನ ಗಂಡ, ಪಿಟೀಲು ವಿದ್ವಾನ್ ದಕ್ಷಿಣಾಮೂರ್ತಿ, ನನ್ನನ್ನು ಸಿಗ್ನಲ್ ಕಂಬ ಎನ್ನುತ್ತಾರೆ.

ಈ ದೀಪ ಬರುವುದಕ್ಕೂ ಒಂದು ಕಾರಣವಿತ್ತು. ಯಂತ್ರಗಳು ಹಾಡಲು ಕಲಿತ ಹೊಸತರಲ್ಲಿ ಒಂದು ದೊಡ್ಡ ಸಭೆಯವರು ಯಾರೋ ಹೆಸರು ಕೇಳದ ಹುಡುಗಿಯ ಹಾಡು ಕೇಳಿ ಕರಗಿಹೋಗಿ, ಆಕೆಗೆ ವರ್ಷದ ಪ್ರಶಸ್ತಿ ಘೋಷಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ತರಿಸಿಟ್ಟುಕೊಂಡು ಕಾದರೆ ಹುಡುಗಿಯೇ ಇರಲಿಲ್ಲ. ಆ ಹಾಡು ಕೇಳಿ ಅತ್ತಿದ್ದವರೆಲ್ಲ ಜೇಬು ಕತ್ತರಿಸಿಕೊಂಡವರ ಹಾಗೆ ಕೂಗಾಡಿದರು. ಕಾಯ್ದೆ ಆಮೇಲೆ ಬಂತು. ಈಗ ಹಾಡುವವರ ಕತ್ತಿಗೆ ನಾವೊಂದು ತೆಳುವಾದ ಅಂಟುಪಟ್ಟಿ ಹಚ್ಚುತ್ತೇವೆ. ಹಾಡಬೇಕೆಂದು ಮಿದುಳು ಗಂಟಲಿಗೆ ಕಳಿಸುವ ಆಜ್ಞೆಯನ್ನು ಅದು ಓದುತ್ತದೆ. ಸಭೆಯಲ್ಲಿ ಕೇಳುತ್ತಿರುವ ನಾದ ಆ ಆಜ್ಞೆಯಂತೆ ನಡೆಯುತ್ತಿದೆಯೇ ಎಂದು ನನ್ನ ಮುಂದಿನ ಮಾಪಕ ಹೋಲಿಸಿ ನೋಡುತ್ತದೆ. ಕಂಠದ ಪಾಲು ಅರ್ಧಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತರೆ ದೀಪ ಕೆಂಪಾಗಬೇಕು. ಆದರೆ ಕೊನೆಯ ಗುಂಡಿ ಮನುಷ್ಯರ ಕೈಯಲ್ಲೇ ಇರಬೇಕೆಂದು ಕಾಯ್ದೆ ಮಾಡಿದವರಿಗೆ ಅನಿಸಿತು. ಹಾಗಾಗಿ ನನಗೆ ಸಂಬಳ.

ವಿದುಷಿ ಅಂಬುಜಾಕ್ಷಮ್ಮನವರ ವಿಷಯ ನಮ್ಮ ಕೇಂದ್ರಕ್ಕೆ ಬರುವವರೆಗೂ ಈ ಗುಂಡಿ ನನಗೆ ಒಂದು ದಿನವೂ ಭಾರ ಎನಿಸಿರಲಿಲ್ಲ.

ಅಂಬುಜಾಕ್ಷಮ್ಮ ನಮ್ಮ ಮನೆಗೆ ಹೊರಗಿನವರಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವರ ಎಡಗಡೆ ಕೂತು ಪಿಟೀಲು ನುಡಿಸಿದವರು ನನ್ನ ಗಂಡ. ಅವರ ಕೊನೆಯ ಮೂರು ವರ್ಷದ ಕಚೇರಿಗಳ ಬಗ್ಗೆ ವಿಮರ್ಶಕರು ಬರೆದದ್ದೇ ಬರೆದದ್ದು. ವಯಸ್ಸಾದಂತೆ ಧ್ವನಿ ಮಾಗಿದೆ, ಸಾವೇರಿ ರಾಗದಲ್ಲಿ ಮೇಲಿನ ಷಡ್ಜದಿಂದ ಇಳಿದು ಧೈವತಕ್ಕೆ ಬಂದು ನಿಂತಾಗ ಒಂದು ಸಣ್ಣ ಬಿಕ್ಕು ಕೇಳಿಸುತ್ತದೆ, ಬದುಕನ್ನು ಉಂಡವರ ಕೊರಳಿಗೆ ಮಾತ್ರ ಅದು ಸಾಧ್ಯ ಎಂದೆಲ್ಲ ಬರೆದರು. ಆಮೇಲೆ ನೋಡಿದರೆ ಗಂಟಲಲ್ಲಿ ಗೆಡ್ಡೆ ಇತ್ತು. ಪ್ರಾಣ ಉಳಿಸಲು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಾಡಲು ಕತ್ತಿನ ಬುಡದಲ್ಲಿ ಒಂದು ರಂಧ್ರ ಉಳಿಯಿತು, ಅದರ ಮೇಲೆ ಸದಾ ಒಂದು ತೆಳು ಶಾಲು. ಹಾಡು ಹಾಗಿರಲಿ, ಕಾಫಿ ಬೇಕು ಎನ್ನಲೂ ಅವರಿಗೆ ಧ್ವನಿ ಇರಲಿಲ್ಲ.

ಅವರಿಗಾಗಿ ಡಾಕ್ಟರ್ ಜಿನದತ್ತ ಕತ್ತಿಗೆ ತೊಡುವ ಕಂಠಿ ಎಂಬ ಯಂತ್ರವೊಂದನ್ನು ಕಟ್ಟಿದ. ಜಿನದತ್ತ ನರಯಂತ್ರಗಳ ತಜ್ಞ, ವಯಸ್ಸು ಚಿಕ್ಕದು, ಆಸೆ ದೊಡ್ಡದು. ಧ್ವನಿಪೆಟ್ಟಿಗೆ ಹೋದರೂ ಹಾಡಬೇಕೆಂಬ ಆಜ್ಞೆ ಕತ್ತಿನ ನರದವರೆಗೆ ಬಂದೇ ಬರುತ್ತದೆ, ಅದನ್ನು ಕೇಳುವವರು ಅಲ್ಲಿಲ್ಲ ಅಷ್ಟೇ ಎಂದು ಅವನು ಹೇಳುತ್ತಿದ್ದ. ಅವನ ಕಂಠಿ ಆ ಆಜ್ಞೆಯನ್ನು ಹಿಡಿದು, ಅವರದೇ ಹಳೆಯ ಧ್ವನಿಯಲ್ಲಿ ಹಾಡಾಗಿಸುತ್ತದೆ. ನರ ದಣಿದು ಆಜ್ಞೆ ಕ್ಷೀಣವಾದರೆ, ಇಂಥ ಜಾಗದಲ್ಲಿ ಅಂಬುಜಾಕ್ಷಿ ಏನು ಹಾಡುತ್ತಿದ್ದರು ಎಂದು ಊಹಿಸಿ ತಾನೇ ತುಂಬುತ್ತದೆ. ಆ ಊಹೆಯನ್ನು ಅದಕ್ಕೆ ಕಲಿಸಲು ಅವನು ಅವರ ಕಚೇರಿಗಳ ಧ್ವನಿಮುದ್ರಿಕೆಗಳನ್ನು ಉಣಿಸಿದ್ದ.

ಪ್ರಶ್ನೆ ಬಂದದ್ದು ಇಲ್ಲಿ. ಕಂಠಿ ತೊಟ್ಟು ಹಾಡಿದರೆ ದೀಪ ಯಾವ ಬಣ್ಣ? ಸರ್ಕಾರ ಒಂದು ಸಮಿತಿ ಮಾಡಿ, ವಿಮರ್ಶಕ ಸೇತುಮಾಧವರಾಯರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಸಭೆಯಲ್ಲಿ ಜನರ ಮುಂದೆ ಒಂದು ಪರೀಕ್ಷಾ ಕಚೇರಿ ಎಂದು ಅವರು ತೀರ್ಮಾನಿಸಿದರು. ಕೊನೆಯವರೆಗೆ ಹಸಿರು ಉಳಿದರೆ ಅಂಬುಜಾಕ್ಷಮ್ಮನವರಿಗೆ ಗಾಯಕಿ ಎಂಬ ಪರವಾನಗಿ, ಕಂಠಿ ಅವರದೇ. ಕೆಂಪಾದರೆ ಕಂಠಿ ಪ್ರಯೋಗಾಲಯಕ್ಕೆ ವಾಪಸು, ಅವರು ಮತ್ತೆ ಮೌನಕ್ಕೆ.

ಕಚೇರಿಗೆ ಮುಂಚೆ ನಾವೊಂದು ಪ್ರಯೋಗ ಮಾಡಿದೆವು. ಅಂಬುಜಾಕ್ಷಮ್ಮ ಕಂಠಿ ತೊಟ್ಟು ಹಾಡಿದ ಒಂದೇ ಆಲಾಪನೆಯನ್ನು ಮೂರು ಗುಂಪಿನ ರಸಿಕರಿಗೆ ಮೂರು ಕೋಣೆಗಳಲ್ಲಿ ಕೇಳಿಸಿದೆವು. ಇದು ಯಂತ್ರ ಎಂದು ಹೇಳಿಸಿಕೊಂಡವರು ಉಪ್ಪಿಲ್ಲದ ಸಾರು ಉಂಡವರ ಮುಖ ಮಾಡಿಕೊಂಡು ಹೊರಬಂದರು. ಗಮಕಗಳು ಅಳತೆ ಪಟ್ಟಿ ಇಟ್ಟು ಎಳೆದಂತಿವೆ ಎಂದರು. ಇವರು ಒಬ್ಬ ವಿದ್ಯಾರ್ಥಿನಿ ಎಂದು ಕೇಳಿದವರು ಪರವಾಗಿಲ್ಲ, ಇನ್ನೂ ಸಾಧನೆ ಬೇಕು ಎಂದರು. ಶಸ್ತ್ರಚಿಕಿತ್ಸೆಯ ನಂತರ ಅಂಬುಜಾಕ್ಷಮ್ಮ ಎಂದು ಕೇಳಿದ ಕೋಣೆಯಿಂದ ಮೂಗು ಒರೆಸುವ ಸದ್ದು ಕಾರಿಡಾರಿನವರೆಗೆ ಬಂತು. ಜಿನದತ್ತ ನಕ್ಕ. ನನಗೆ ನಗು ಬರಲಿಲ್ಲ, ಭಯವಾಯಿತು. ಇಷ್ಟು ಜನರ ಕಿವಿಯ ಕೀಲಿ ನನ್ನ ಒಂದು ಬೆರಳಿನ ತುದಿಯಲ್ಲಿದೆ ಎಂದು ಅವತ್ತು ಗೊತ್ತಾಯಿತು.

ಮನೆಗೆ ಬಂದು ನೋಡಿದರೆ ನನ್ನ ಗಂಡನದು ಬೇರೆಯೇ ರಾಗ. ಪರೀಕ್ಷಾ ಕಚೇರಿಗೆ ಪಿಟೀಲು ನುಡಿಸಲು ಸಭೆಯವರು ಫೋನ್ ಮಾಡಿದ್ದರಂತೆ, ಇವರು ಆಗುವುದಿಲ್ಲ ಎಂದು ಇಟ್ಟುಬಿಟ್ಟಿದ್ದರು. ಯಂತ್ರದ ಪಕ್ಕ ಕೂರುವ ಗತಿ ತನಗೆ ಬಂದಿಲ್ಲ ಎಂದು ನನಗೂ ಅದನ್ನೇ ಹೇಳಿದರು. ನಾನು ರೇಗಿದೆ. ಅಷ್ಟು ವರ್ಷ ಅವರ ಅನ್ನ ತಿಂದು ಈಗ ಯಂತ್ರ ಅನ್ನುತ್ತೀರಲ್ಲ, ಆ ಕಂಠಿಯೊಳಗೆ ಹಾಡುವುದು ಅವರೇ, ಅವರದೇ ಕಚೇರಿಗಳನ್ನು ಕೇಳಿಸಿ ಜಿನದತ್ತ ಅದಕ್ಕೆ ಕಲಿಸಿದ್ದಾನೆ ಎಂದು ಒಂದೇ ಉಸಿರಿಗೆ ಅಂದುಬಿಟ್ಟೆ.

ಅವರು ಕಮಾನಿಗೆ ರಾಳ ತಿಕ್ಕುತ್ತಿದ್ದವರು ಕೈ ನಿಲ್ಲಿಸಿದರು.

"ಯಾವ ವರ್ಷದ ಕಚೇರಿಗಳು?"

"ಕೊನೇ ಮೂರು ವರ್ಷದ್ದು. ವಿಮರ್ಶಕರೆಲ್ಲ ಅದೇ ಅವರ ಅತ್ಯುತ್ತಮ ಅಂದಿದಾರಲ್ಲ, ಅದಕ್ಕೇ ಅವನು ಅವನ್ನೇ ಆರಿಸಿಕೊಂಡಿದಾನೆ."

ಅವರ ಮುಖ ಬಿಳಿಚಿಕೊಂಡಿತು. ಏನಾಯಿತು ಎಂದು ಕೇಳಿದರೆ ಏನಿಲ್ಲ ಎಂದರು. ಅಷ್ಟು ಹೊತ್ತಿಗೆ ರಾಳದ ಬಿಲ್ಲೆ ಕೆಳಗೆ ಬಿದ್ದು ಒಡೆದಿತ್ತು, ಅದನ್ನೂ ಅವರು ನೋಡಲಿಲ್ಲ. ನನ್ನ ಗಂಡನನ್ನು ನಾನು ಬಲ್ಲೆ. ಪಿಟೀಲಿನ ಸಾಮಾನು ಒಡೆದರೆ ಮನೆ ಎತ್ತಿಹಾಕುವ ಮನುಷ್ಯ ಅವರು.

ಮಾರನೇ ದಿನ ಅಂಬುಜಾಕ್ಷಮ್ಮ ತಾವೇ ಆಟೋದಲ್ಲಿ ಬಂದರು. ಕಂಠಿ ಪ್ರಯೋಗಾಲಯದಲ್ಲಿರುತ್ತಿತ್ತು, ಅವರ ಕೈಗೆ ಕೊಟ್ಟಿರಲಿಲ್ಲ. ನಡುಮನೆಯಲ್ಲಿ ನನ್ನ ಗಂಡನ ಎದುರು ಕೂತು ಬರಿದೆ ತುಟಿ ಆಡಿಸಿದರು. ನನಗೆ ಅರ್ಧವೂ ತಿಳಿಯಲಿಲ್ಲ. ಇವರಿಗೆ ಪೂರ್ತಿ ತಿಳಿಯಿತು. ಅಷ್ಟು ವರ್ಷ ಪಕ್ಕದಿಂದ ಆ ತುಟಿ, ಆ ಕತ್ತು ನೋಡುತ್ತ, ಹಾಡಿನ ಮುಂದಿನ ಸಂಗತಿ ಎತ್ತ ಹೋಗುತ್ತದೆ ಎಂದು ಊಹಿಸಿ ನುಡಿಸಿದವರು ಇವರು. ಆಡಿದ್ದನ್ನು ಇವರೇ ನನಗೆ ಗಟ್ಟಿಯಾಗಿ ಹೇಳಿದರು: "ನೀನು ಕೂರದಿದ್ರೆ ನಾನೂ ಕೂರೋಲ್ಲ ಮೂರ್ತಿ, ಅಂತಿದಾರೆ."

ಇವರು ತಲೆ ತಗ್ಗಿಸಿದರು. ಆಮೇಲೆ ಸರಿ ಎಂದರು. ನೇಣಿಗೆ ಒಪ್ಪಿಕೊಂಡವರ ಸರಿ ಅದು.

ಕಚೇರಿಯ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಹಿಂಬದಿಯ ಗಾಜಿನ ಕೋಣೆಯಲ್ಲಿ ನನ್ನ ಮಾಪಕ. ಎಡಕ್ಕೆ ಜಿನದತ್ತ ಉಗುರು ಕಚ್ಚುತ್ತ ನಿಂತಿದ್ದ. ಬಲಕ್ಕೆ ಸೇತುಮಾಧವರಾಯರು ಕುರ್ಚಿ ಎಳೆದುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರು. ಅವರು ಒಳ್ಳೆಯ ಮನುಷ್ಯರೇ. ಆದರೆ ತಾವು ಕೇಳಿದ್ದೇ ಸಂಗೀತ ಎಂದು ನಂಬಿದವರು. ಆ ಬಿಕ್ಕಿನ ಬಗ್ಗೆ ಮೊದಲು ಬರೆದವರೂ ಅವರೇ.

ಅಂಬುಜಾಕ್ಷಮ್ಮ ಪಲ್ಲಕ್ಕಿಯಲ್ಲಿ ಕೂತವರ ಹಾಗೆ ನೆಟ್ಟಗೆ ಕೂತಿದ್ದರು. ಕತ್ತಿನಲ್ಲಿ ನಮ್ಮ ಅಂಟುಪಟ್ಟಿ ಮತ್ತು ಕಂಠಿ, ಅದರ ಮೇಲೆ ಶಾಲು. ಮೊದಲು ಒಂದು ವರ್ಣ ಎತ್ತಿಕೊಂಡರು. ಧ್ವನಿ ಹೊರಟಿತು, ಅದೇ ಹಳೆಯ ಧ್ವನಿ. ಜನ ದೀಪ ನೋಡಿದರು. ಹಸಿರು. ಆಮೇಲೆ ಉಸಿರು ಬಿಟ್ಟರು. ನನ್ನ ಮುಂದೆ ಕಂಠದ ಪಾಲು ಹತ್ತಿರ ಹತ್ತಿರ ಪೂರ್ತಿ ತೋರಿಸುತ್ತಿತ್ತು. ಅಲ್ಲಲ್ಲಿ ಸ್ವರ ಒರಟಾಗಿತ್ತು, ಒಂದೆರಡು ಕಡೆ ತಡವರಿಸಿತು. ಆದರೆ ಹಾಡುತ್ತಿದ್ದದ್ದು ಅವರೇ. ನನ್ನ ಕಣ್ಣು ತುಂಬಿತು.

ನಡುವೆ ಎರಡು ಕೃತಿ ಮುಗಿದವು. ಮುಖ್ಯ ರಾಗ ಸಾವೇರಿ ಎತ್ತಿಕೊಂಡರು. ಮಂದ್ರದಲ್ಲಿ ಅರಳಿಸಿ ಮೇಲೆ ಹತ್ತುತ್ತ ಹೋದಂತೆ ಅವರ ಹಣೆಯಲ್ಲಿ ಬೆವರು ಕಂಡಿತು. ಮಾಪಕದ ಮುಳ್ಳು ಇಳಿಯತೊಡಗಿತು. ಮುಕ್ಕಾಲು. ಅರ್ಧ. ನರ ದಣಿಯುತ್ತಿತ್ತು. ಮುಳ್ಳು ಇಳಿದಷ್ಟೂ ಧ್ವನಿ ನಯವಾಯಿತು, ತುಂಬಿಕೊಂಡಿತು. ಮೇಲಿನ ಷಡ್ಜದಲ್ಲಿ ಅದು ನಿಂತಾಗ ಸಭೆಯ ಉದ್ದಕ್ಕೂ ಒಂದು ಆಹಾ ಹಾದುಹೋಯಿತು. ಮಾಪಕದಲ್ಲಿ ಕಂಠದ ಪಾಲು ಬಹುತೇಕ ಸೊನ್ನೆ. ಗಾಜಿನ ಆಚೆ ನೋಡಿದೆ. ಅಂಬುಜಾಕ್ಷಮ್ಮನವರ ತುಟಿ ಮುಚ್ಚಿತ್ತು.

ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತಬೇಕು. ಕಾಯ್ದೆ ಅಷ್ಟೇ ಹೇಳುವುದು. ಒತ್ತಿದರೆ ಅವರು ಮನೆಗೆ ಹೋಗಿ ಸಾಯುವವರೆಗೂ ಸುಮ್ಮನಿರಬೇಕು. ಜಿನದತ್ತ ನನ್ನ ಕಿವಿಯ ಹತ್ತಿರ ಬಾಗಿ, ಸ್ವಲ್ಪ ತಾಳಿ ಮೇಡಂ, ಈಗ ಚೇತರಿಸಿಕೊಳ್ಳುತ್ತಾರೆ ಎಂದು ಪಿಸುಗುಟ್ಟಿದ. ಅವನ ಉಸಿರು ಬಿಸಿಯಾಗಿತ್ತು. ಧ್ವನಿ ಷಡ್ಜದಿಂದ ಇಳಿದು ಧೈವತಕ್ಕೆ ಬಂದಿತು, ಅಲ್ಲಿ ಹೊರಡಲೋ ಬೇಡವೋ ಎನ್ನುವಂತೆ ನಿಂತಿತು, ಬಿಕ್ಕಿತು.

ಸೇತುಮಾಧವರಾಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದೇ ನೋಡಿ ಇವ್ರೇ. ಇದನ್ನ ಯಾವ ಯಂತ್ರ ಹಾಡುತ್ತೆ?"

ಆ ಇಳಿತ ನನಗೆ ಗೊತ್ತು. ದಿನಾ ಬೆಳಿಗ್ಗೆ ನಾನು ಒಲೆ ಹಚ್ಚುವಾಗ ನಮ್ಮ ಮನೆಯ ನಡುಮನೆಯಿಂದ ಅದು ಬರುತ್ತದೆ. ಧೈವತದ ಮೇಲೆ ಬಂದಾಗ ಇವರ ಕಮಾನು ತುದಿ ಮುಟ್ಟಿರುತ್ತದೆ, ದಿಕ್ಕು ಬದಲಿಸಬೇಕು. ಬದಲಿಸುವಾಗ ನಾದ ಕಣ್ಣು ಮಿಟುಕಿಸುವಷ್ಟು ಕಡಿಯುತ್ತದೆ. ಅದೇ ಬಿಕ್ಕು. ಗಂಟಲಿಗೆ ಅಲ್ಲಿ ಬಿಕ್ಕುವ ಅಗತ್ಯವೇ ಇಲ್ಲ. ಬಿಕ್ಕುವುದು ಕಮಾನು.

ಎಲ್ಲವೂ ಒಮ್ಮೆಗೇ ಬಿಡಿಸಿಕೊಂಡಿತು. ಕಚೇರಿ ಸಂಪ್ರದಾಯದಲ್ಲಿ ಹಿರಿಯರ ಧ್ವನಿ ಜಾರಿದರೆ ಪಕ್ಕವಾದ್ಯದವನು ಅದನ್ನು ಸಭೆಗೆ ಬಿಟ್ಟುಕೊಡಬಾರದು. ತಾನು ಮುಂದೆ ಬಂದು, ಅದೇ ಸ್ವರವನ್ನು ಅದೇ ನಯದಲ್ಲಿ ಹಿಡಿದು ಮುಚ್ಚಬೇಕು, ಮುಚ್ಚಿದ್ದು ಯಾರಿಗೂ ಗೊತ್ತಾಗಬಾರದು, ಆಮೇಲೆ ಎಲ್ಲೂ ಹೇಳಬಾರದು. ಆ ಮೂರು ವರ್ಷ ಗೆಡ್ಡೆ ಬೆಳೆಯುತ್ತಿದ್ದಾಗ ಅಂಬುಜಾಕ್ಷಮ್ಮನವರ ಧ್ವನಿ ಮೇಲೆ ಹೋದಾಗಲೆಲ್ಲ ಕಳಚಿಕೊಳ್ಳುತ್ತಿತ್ತು. ಇವರು ಮುಚ್ಚುತ್ತಿದ್ದರು. ಸಭೆಯವರ ಕಣ್ಣು ಅಂಬುಜಾಕ್ಷಮ್ಮನವರ ಮೇಲಿತ್ತು, ಹಾಗಾಗಿ ಕಿವಿಯೂ ಅದನ್ನು ಅವರದೆಂದೇ ಕೇಳಿತು. ಅತ್ಯುತ್ತಮ ಎಂದು ಬರೆದರು. ಬರೆದದ್ದನ್ನು ನಂಬಿ ಜಿನದತ್ತ ಅದೇ ಕಚೇರಿಗಳನ್ನು ಕಂಠಿಗೆ ಉಣಿಸಿದ. ಅವರ ಧ್ವನಿ ಎಲ್ಲೆಲ್ಲಿ ಇರಲಿಲ್ಲವೋ ಅಲ್ಲೆಲ್ಲ ಕಂಠಿ ನನ್ನ ಗಂಡನ ಪಿಟೀಲನ್ನು ಅಂಬುಜಾಕ್ಷಿ ಎಂದು ಕಲಿತಿತ್ತು.

ವೇದಿಕೆಯ ಮೇಲೆ ನನ್ನ ಗಂಡ ಕಮಾನು ಕೆಳಗಿಳಿಸಿದ್ದರು. ತನ್ನ ಪಿಟೀಲು ಇನ್ನೊಬ್ಬರ ಕೊರಳಿನಲ್ಲಿ ಹಾಡುತ್ತಿರುವುದನ್ನು ಕೇಳುತ್ತ ಕೂತಿದ್ದರು. ಅವರ ಮುಖವನ್ನು ನಾನು ನೋಡಲಾರದೆ ಹೋದೆ. ಕಂಠಿ ಮತ್ತೆ ಷಡ್ಜಕ್ಕೆ ಏರಿತು. ಆಗ ಇವರು ಕಮಾನು ಎತ್ತಿ, ಕಂಠಿ ಇಳಿಯುವ ಮೊದಲೇ ತಾವು ಇಳಿದರು. ಅದೇ ಇಳಿತ, ಅದೇ ಬಿಕ್ಕು, ಬರಿಯ ತಂತಿಯಲ್ಲಿ. ಕಂಠಿ ಹಿಂದಿನಿಂದ ಬಂದು ಅದನ್ನೇ ಒಪ್ಪಿಸಿತು.

ಅಂಬುಜಾಕ್ಷಮ್ಮ ತಿರುಗಿ ಅವರನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಶಾಲಿನ ಕೆಳಗೆ ಕೈ ಹಾಕಿ ಕಂಠಿಯನ್ನು ಆರಿಸಿದರು.

ಮೃದಂಗದವರು ಗಾಬರಿಯಿಂದ ಆಚೀಚೆ ನೋಡಿದರು. ಜಿನದತ್ತ ನನ್ನ ಮೇಜಿಗೆ ಕೈಯೂರಿ, ಆರಿಸಿಬಿಟ್ಟರಲ್ಲ, ಎಲ್ಲ ಹೋಯಿತು ಎಂದ. ಸೇತುಮಾಧವರಾಯರು ಯಂತ್ರ ಕೆಟ್ಟಿತೇ ಎಂದು ಕೇಳಿದರು. ಅಷ್ಟರಲ್ಲಿ ಅಂಬುಜಾಕ್ಷಮ್ಮ ಸ್ವಲ್ಪ ದಣಿವಾರಿಸಿಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದರು. ಶಬ್ದವಿಲ್ಲ. ತುಟಿ ಆಡಿತು, ಕತ್ತಿನ ನರ ಬಿಗಿಯಿತು, ಶಾಲು ಉಸಿರಿಗೆ ಏರಿ ಇಳಿಯಿತು. ನನ್ನ ಗಂಡ ಅವರ ಕತ್ತಿನ ಮೇಲೆ ಕಣ್ಣಿಟ್ಟು ನುಡಿಸತೊಡಗಿದರು. ಅವರ ತುಟಿ ನಿಂತಲ್ಲಿ ಕಮಾನು ನಿಂತಿತು. ಅವರಿಗೆ ಉಸಿರು ಸಾಲದೆ ಹೋದಲ್ಲಿ ಪಿಟೀಲು ಅರ್ಧಕ್ಕೇ ಮುರಿಯಿತು. ಇವರು ಏನನ್ನೂ ಮುಚ್ಚಲಿಲ್ಲ. ಇಷ್ಟು ವರ್ಷ ಇವರ ಜೊತೆ ಬಾಳಿದ ನಾನು ಇವರು ಹೀಗೆ ನುಡಿಸಿದ್ದನ್ನು ಕೇಳಿರಲಿಲ್ಲ.

ಮಾಪಕದ ಮುಳ್ಳು ಮೇಲೆದ್ದಿತು. ಸಭೆಯಲ್ಲಿದ್ದ ನಾದ ಅಂಬುಜಾಕ್ಷಮ್ಮನವರ ಕಂಠದ ಆಜ್ಞೆಯಂತೆ ನಡೆಯುತ್ತಿದೆ ಎಂದು ಅದು ಹೇಳುತ್ತಿತ್ತು. ಕಂಠದ ಪಾಲು ಆ ಸಂಜೆಯಲ್ಲೇ ಅತಿ ಹೆಚ್ಚು. ದೀಪ ಹಸಿರಾಗಿಯೇ ಉಳಿಯಿತು.

ಸೇತುಮಾಧವರಾಯರು ದೀಪವನ್ನೂ ನನ್ನನ್ನೂ ನೋಡಿದರು. "ಪಿಟೀಲಿಗೆ ಹಸಿರು ದೀಪವೇ? ಕೆಂಪು ಮಾಡಿ."

"ಮಾಪಕ ಹಸಿರು ಅಂತಿದೆ ಸಾರ್. ನೋಡಿ. ಈಗ ಹಾಡ್ತಿರೋದು ಅವರೇ. ಆಗ ನೀವು ಅತ್ತಿರಲ್ಲ, ಆಗ ಸೊನ್ನೆ ಇತ್ತು. ಅದು ಅವರದಾಗಿರಲಿಲ್ಲ."

ಅವರಿಗೆ ಸಿಟ್ಟು ಬಂತು. ತಮ್ಮ ಕಿವಿಗೆ ಮೂವತ್ತು ವರ್ಷದ ಸಂಸ್ಕಾರವಿದೆ, ನನ್ನ ಮುಳ್ಳಿಗೆ ಏನಿದೆ ಎಂದು ಕೇಳಿದರು. ಆ ಬಿಕ್ಕು ಅಂಬುಜಾಕ್ಷಿಯದಲ್ಲ ಎನ್ನುವುದು ಆ ಹೆಣ್ಣುಮಗಳಿಗೆ ಮಾಡುವ ಅವಮಾನ ಎಂದರು. ನಾನು ಆ ಗುಂಡಿ ಒತ್ತುವುದಿಲ್ಲ ಎಂದೆ. ಅವರು ನನ್ನ ಕೈ ಸರಿಸಿ ತಾವೇ ಒತ್ತಿದರು.

ವೇದಿಕೆ ಕೆಂಪಾಯಿತು. ನುಡಿಯುತ್ತಿದ್ದ ಒಂದು ಸ್ವರವೂ ಬದಲಾಗಿರಲಿಲ್ಲ. ಆದರೆ ಮುಂದಿನ ಸಾಲಿನಲ್ಲಿ ತಾಳ ಹಾಕುತ್ತಿದ್ದ ಕೈಗಳು ನಿಂತವು. ಕಣ್ಣೊರೆಸಿಕೊಳ್ಳುತ್ತಿದ್ದ ಒಬ್ಬಾಕೆ ಸೆರಗು ಕೆಳಗಿಟ್ಟು, ಮೋಸ ಹೋದವರ ಹಾಗೆ ಪಕ್ಕದವರನ್ನು ನೋಡಿದರು. ಕುರ್ಚಿಗಳ ಸದ್ದು ಹಿಂದಿನಿಂದ ಶುರುವಾಗಿ ಮುಂದಕ್ಕೆ ಬಂತು. ಅರ್ಧ ಸಭೆ ಎದ್ದುಹೋಯಿತು. ಉಳಿದವರಲ್ಲಿ ಬಹಳ ಜನ ಹೊರಗೆ ಮಳೆ ಇದ್ದದ್ದರಿಂದ ಉಳಿದರು. ಅಂಬುಜಾಕ್ಷಮ್ಮ ಕಣ್ಣು ಮುಚ್ಚಿದ್ದರು, ಅವರಿಗೆ ದೀಪ ಕಾಣಲಿಲ್ಲ. ಇವರಿಗೆ ಅವರ ಕತ್ತು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಇಬ್ಬರೂ ಸಾವೇರಿಯನ್ನು ಕೊನೆ ಮುಟ್ಟಿಸಿಯೇ ನಿಲ್ಲಿಸಿದರು.

ಪರವಾನಗಿ ಸಿಗಲಿಲ್ಲ. ಅಲ್ಲೇ, ಬಟ್ಟೆ ಬದಲಿಸುವ ಕೋಣೆಯಲ್ಲೇ, ಕಂಠಿಯನ್ನು ಬಿಚ್ಚಿಸಿಕೊಂಡರು. ಜಿನದತ್ತ ಅದನ್ನು ಪೆಟ್ಟಿಗೆಯಲ್ಲಿಡುವಾಗ ಅಳುತ್ತಿದ್ದ. ಸರಿಯಾದ ವರ್ಷಗಳ ಕಚೇರಿ ಹಾಕಿ ಮತ್ತೆ ಕಲಿಸುತ್ತೇನೆ ಅಮ್ಮ ಎಂದ. ಅಂಬುಜಾಕ್ಷಮ್ಮ ಅವನ ತಲೆ ಸವರಿ, ಬೇಡ ಎಂದು ಕೈಯಾಡಿಸಿದರು.

ಕಾರಿನಲ್ಲಿ ನಾನು ಮುಂದೆ, ಅವರಿಬ್ಬರೂ ಹಿಂದೆ. ಬೀದಿದೀಪದ ಕೆಳಗೆ ಕಾರು ನಿಂತಾಗ ಕನ್ನಡಿಯಲ್ಲಿ ನೋಡಿದೆ. ಅಂಬುಜಾಕ್ಷಮ್ಮ ಇವರ ಕಡೆ ತಿರುಗಿ ತುಟಿ ಆಡಿಸುತ್ತಿದ್ದರು. ಇವರು ಹೆಗಲ ಮೇಲಿನ ಉತ್ತರೀಯವನ್ನು ಬಾಯಿಗೆ ಒತ್ತಿಕೊಂಡರು. ಏನಂತೆ ಎಂದು ಕೇಳಿದೆ. ಇವರು ಬಾಯಿಯಿಂದ ಉತ್ತರೀಯ ಸರಿಸಿದರು.

"ಗೊತ್ತಿತ್ತಂತೆ ಕಣೆ. ಆ ಮೂರು ವರ್ಷಾನೂ ಗೊತ್ತಿತ್ತಂತೆ. ಹೇಳಿದ್ರೆ ನೀನು ಮುಚ್ಚೋದು ನಿಲ್ಲಿಸ್ತಿದ್ದೆ, ಅದಕ್ಕೆ ಹೇಳಲಿಲ್ಲ ಅಂತಿದಾರೆ."

ಆಮೇಲೆ ಪತ್ರಿಕೆಯಲ್ಲಿ ಸೇತುಮಾಧವರಾಯರ ಬರಹ ಬಂತು. ಯಂತ್ರ ಕೆಡುವ ಮೊದಲು ಅಂಬುಜಾಕ್ಷಿಯವರು ಹಾಡಿದ ಸಾವೇರಿ ಅವರ ಜೀವಮಾನದ ಶಿಖರ, ಕೊನೆಯಲ್ಲಿ ಮಾತ್ರ ಪಿಟೀಲಿನವರು ಅತಿಯಾಗಿ ಮುಂದೆ ಬಂದು ಕಚೇರಿ ಕೆಡಿಸಿದರು ಎಂದಿದ್ದರು. ನನ್ನ ಗಂಡ ಅದನ್ನು ಗಟ್ಟಿಯಾಗಿ ಓದಿ ನಕ್ಕರು. ನನಗೆ ಆ ಕಾಗದವನ್ನು ಒಲೆಗೆ ಹಾಕಬೇಕು ಎನಿಸಿತು. ಸಮಿತಿಯ ಮುಂದೆ ಮಾಪಕದ ದಾಖಲೆ ಇಟ್ಟೆ, ಮೂರು ಸಲ ಹೇಳಿದೆ. ಯಂತ್ರದ ದೋಷ ಎಂದು ಬರೆದುಕೊಂಡರು. ನನಗೆ ದೀಪದ ಕೆಲಸ ತಪ್ಪಿಸಿ ಉಪಕರಣ ರಿಪೇರಿಗೆ ಹಾಕಿದರು, ಒಳ್ಳೆಯದೇ ಆಯಿತು.

ಈಗ ಅಂಬುಜಾಕ್ಷಮ್ಮ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಾರೆ. ಇಬ್ಬರೂ ಎದುರುಬದುರು ಕೂರುತ್ತಾರೆ. ಅವರು ಹಾಡುತ್ತಾರೆ, ಇವರು ನುಡಿಸುತ್ತಾರೆ. ನಾನು ಅಡುಗೆಮನೆಯಲ್ಲಿ ಕೆಲಸ ಬಿಟ್ಟು ನಿಂತುಬಿಡುತ್ತೇನೆ, ಎಷ್ಟೋ ದಿನ ಅಳು ಬರುತ್ತದೆ. ಆದರೆ ಒಂದು ಅನುಮಾನ ನನ್ನನ್ನು ಬಿಟ್ಟಿರಲಿಲ್ಲ. ನನಗೆ ಅಳು ಬರುವುದು ನಾದಕ್ಕೋ ಅಥವಾ ಯಾರು ಎಂದು ಗೊತ್ತಿರುವುದಕ್ಕೋ? ನನ್ನ ತಲೆಯಲ್ಲೂ ಒಂದು ದೀಪ ಹೊತ್ತಿಕೊಂಡಿರಬಹುದಲ್ಲ.

ಹೀಗಿರುವಾಗ ಕೆಳಗಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಫಿಲೋಮಿನಾ ಮೆಟ್ಟಿಲ ಹತ್ತಿರ ಸಿಕ್ಕರು. ಅವರು ಕೊಳ್ಳೇಗಾಲದ ಕಡೆಯವರು, ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾರೆ. ಸಂಗೀತ ಗೊತ್ತಿಲ್ಲ. ಸಂಕೋಚದಿಂದ ಕೇಳಿದರು, "ನಿಮ್ಮನೇಲಿ ಯಾರೋ ಹೊಸಬರು ಪಿಟೀಲು ಕಲೀತಿದಾರಾ ಅಕ್ಕ? ಪಾಪ, ನಡುನಡುವೆ ನಿಂತುಹೋಗುತ್ತಲ್ಲ."

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಾಡುವವರು ಇಂಥವರು, ಅವರಿಗೆ ಗಂಟಲಿಲ್ಲ ಎಂದರೆ ಆಕೆ ಅಲ್ಲೇ ಕಣ್ಣೀರು ಹಾಕುತ್ತಿದ್ದರು. ಹಾಗೆ ಜನರನ್ನು ಅಳಿಸುವುದು ನನ್ನ ಹಳೆಯ ಕಸುಬು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಬಿಡುವಿದ್ದರೆ ಮೇಲೆ ಬಂದು ಕೂತು ಕೇಳಿ ಎಂದಷ್ಟೇ ಹೇಳಿದೆ.

ಬಂದರು. ಗೋಡೆಗೆ ಒರಗಿ ಕೂತರು. ಯಾರು ಏನು ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಇಬ್ಬರು ಮುದುಕರು, ಒಬ್ಬರ ಕೈಯಲ್ಲಿ ಪಿಟೀಲು, ಇನ್ನೊಬ್ಬರ ಕತ್ತಿಗೆ ಶಾಲು. ನಾನು ಸಂಗೀತ ಕೇಳುವುದನ್ನು ಬಿಟ್ಟು ಫಿಲೋಮಿನಾರ ಮುಖವನ್ನೇ ನೋಡುತ್ತ ನಿಂತೆ. ಮೊದಲು ಅವರು ಪಿಟೀಲು ನೋಡಿದರು. ಗಡಿಯಾರ ನೋಡಿದರು, ಎದ್ದುಬಿಡುತ್ತಾರೆ ಎಂದುಕೊಂಡೆ. ರಾಗ ಮೇಲೆ ಹತ್ತುತ್ತ ಹೋಗಿ ನಡುವೆ ಮುರಿಯಿತು. ಅಂಬುಜಾಕ್ಷಮ್ಮ ಉಸಿರು ಎಳೆದುಕೊಂಡರು, ಮತ್ತೆ ಅದೇ ಜಾಗದಿಂದ ಎತ್ತಿಕೊಂಡರು. ಫಿಲೋಮಿನಾರ ಕಣ್ಣು ಪಿಟೀಲಿನಿಂದ ಸರಿದು ಆ ಶಾಲಿನ ಮೇಲೆ ನಿಂತಿತು. ಆಮೇಲೆ ಆಚೀಚೆ ಕದಲಲಿಲ್ಲ.

ಬಹಳ ಹೊತ್ತಿನ ಮೇಲೆ ನನ್ನ ಕೈ ಹಿಡಿದೆಳೆದು, ಕಿವಿಯ ಹತ್ತಿರ ಕೇಳಿದರು.

"ಅಕ್ಕ, ಹಾಡ್ತಿರೋದು ಆಯಮ್ಮ ಅಲ್ವಾ?"